ಓರಗಿತ್ತಿ ಆರಿಸಿಕೊಂಡ ಪಾಲು

ಶಿಕಾರಿಪುರದ ಪೇಟೆಯಲ್ಲಿ ನಮ್ಮ ಮಾವನವರದು ಬೀಜ, ಗೊಬ್ಬರದ ಅಂಗಡಿ. ಅವರಿಗೆ ಲಕ್ವ ಹೊಡೆದು ಹಾಸಿಗೆ ಹಿಡಿದ ಮೇಲೆ ಗಲ್ಲಾಪೆಟ್ಟಿಗೆಯ ಹಿಂದಿನ ಕುರ್ಚಿಯಲ್ಲಿ ಕೂತವಳು ನಾನು. ನನ್ನ ಗಂಡ ಲೋಡು ತರಿಸಲೆಂದು ಶಿವಮೊಗ್ಗ, ದಾವಣಗೆರೆ ತಿರುಗುತ್ತಿದ್ದರು. ಮೈದುನ ದಿನಾ ಬಸ್ಸಿನಲ್ಲಿ ಹೋಗಿಬಂದು ಸೊರಬದಲ್ಲಿದ್ದ ನಮ್ಮ ಇನ್ನೊಂದು ಅಂಗಡಿ, ಪಾತ್ರೆ ಅಂಗಡಿ, ನೋಡಿಕೊಳ್ಳುತ್ತಿದ್ದ. ಹೆಂಗಸು ಅಂಗಡಿಯಲ್ಲಿ ಕೂತಳೆಂದು ಮೊದಮೊದಲು ಮೂಗು ಮುರಿದವರೇ ಆಮೇಲೆ ನಾನಿಲ್ಲದಿದ್ದರೆ "ಹಂಗಾದ್ರೆ ನಾಳೆ ಬರ್ತೀವಿ ಬಿಡ್ರೀ" ಎಂದು ವಾಪಸ್ಸು ಹೋಗುವಷ್ಟಾದರು. ಯಾವ ಊರಿನ ಮಣ್ಣಿಗೆ ಯಾವ ಭತ್ತ ಹಿಡಿಸುತ್ತದೆ, ಯಾರ ಜೋಳಕ್ಕೆ ಹೋದ ವರ್ಷ ಹುಳ ಬಿದ್ದಿತ್ತು, ಎಲ್ಲ ನನ್ನ ನಾಲಗೆಯ ತುದಿಯಲ್ಲಿತ್ತು. ಆ ಕುರ್ಚಿ ಬಿಟ್ಟರೆ ನನ್ನದು ಅಂತ ಆ ಮನೆಯಲ್ಲಿ ಬೇರೇನೂ ಇರಲಿಲ್ಲ.

ಓರಗಿತ್ತಿ ಬಂದದ್ದು ಚಂದ್ರಗುತ್ತಿ ಕಡೆಯಿಂದ. ನನಗಿಂತ ಚಿಕ್ಕವಳು, ಮಾತು ಕಡಿಮೆ, ಮುಖದಲ್ಲಿ ಸದಾ ಒಂದು ಸಣ್ಣ ನಗು. ಅವಳು ತಟ್ಟಿದ ಅಕ್ಕಿರೊಟ್ಟಿ ಉಬ್ಬುತ್ತಿತ್ತು, ನನ್ನದು ಹರಿಯುತ್ತಿತ್ತು. ನೆಟ್ಟಗೆ ಮಾತು ಹೊರಡದ ಮಾವನವರೂ ಅವಳ ರೊಟ್ಟಿಯನ್ನು ಹೊಗಳಲು ಮಾತ್ರ ಬಾಯಿ ಬಿಡುತ್ತಿದ್ದರು. ನಾನು ದಿನವಿಡೀ ಅಂಗಡಿಯಲ್ಲಿ ಗೊಬ್ಬರದ ಘಾಟು ಕುಡಿದು ಬಂದರೆ ಹೊಗಳಿಕೆ ಇವಳಿಗೆ. ನನಗೆ ಹೊಟ್ಟೆ ಉರಿಯುತ್ತಿತ್ತು. ಉರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ.

ತೊಂಬತ್ತರ ದಶಕದ ನಡುವಿನಲ್ಲಿ ಮಾವ ತೀರಿಕೊಂಡರು. ಕರ್ಮಗಳೆಲ್ಲ ಮುಗಿದ ಮೇಲೆ ಪಾಲಿನ ಮಾತು ಬಂತು. ನಮ್ಮ ಕಡೆ ಅದಕ್ಕೊಂದು ಪದ್ಧತಿ ಇದೆ. ಹಿರಿಯವನು ಪಾಲು ಮಾಡಬೇಕು, ಕಿರಿಯವನು ಮೊದಲು ಆರಿಸಿಕೊಳ್ಳಬೇಕು. ಹಿರಿಯ ಮೋಸ ಮಾಡಲು ಹೋದರೆ ಕೆಟ್ಟ ಪಾಲು ಅವನ ತಲೆಗೇ ಬೀಳುತ್ತದೆ, ಹಾಗಾಗಿ ಅವನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಸಮ ಮಾಡುತ್ತಾನೆ. ಇದರಿಂದ ಎಷ್ಟೋ ಮನೆಗಳ ಅಣ್ಣತಮ್ಮಂದಿರು ಕೋರ್ಟಿನ ಮೆಟ್ಟಿಲು ಹತ್ತದೆ ಉಳಿದಿದ್ದಾರೆ. ಪದ್ಧತಿ ಮಾಡಿದ ಹಿರಿಯರು ನನ್ನಂಥವಳನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ, ಅಷ್ಟೆ.

ಎರಡು ಅಂಗಡಿಗಳ ಜೊತೆಗೆ ನಮಗೆ ಎರಡು ತುಂಡು ಗದ್ದೆ ಇತ್ತು. ಸೊರಬದ ರಸ್ತೆಯ ಪಕ್ಕದ್ದು ತಂಟೆ ತಕರಾರಿಲ್ಲದ್ದು. ಅಂಬ್ಲಿಗೊಳದ ಅಣೆಕಟ್ಟಿನ ನೀರು ಹರಿಯುವ ಕಡೆಯದು ಫಲವತ್ತಾದದ್ದೇ, ಆದರೆ ಕೇಸಿನಲ್ಲಿತ್ತು. ಪಕ್ಕದಲ್ಲಿ ಕುರಿ ಸಾಕುವ ಮನೆತನದವರು, ನೀರಿಗೆ ಕುರಿ ಹೊಡೆದುಕೊಂಡು ಹೋಗಲು ನಮ್ಮ ಗದ್ದೆಯಲ್ಲಿ ಹಿಂದಿನಿಂದಲೂ ಹಾದಿಯಿದೆ ಎನ್ನುತ್ತಿದ್ದರು. ಮಾವ ಸಿಟ್ಟಿಗೆದ್ದು ಬೇಲಿ ಹಾಕಿಸಿದರು, ಅವರು ಕಿತ್ತರು, ಇವರು ತಡೆಯಾಜ್ಞೆ ತಂದರು. ಅಲ್ಲಿಂದ ವಾಯಿದೆ ಮೇಲೆ ವಾಯಿದೆ. ಅದರ ಹೆಸರೆತ್ತಿದರೇ ನನ್ನ ಗಂಡನಿಗೆ ತಲೆನೋವು ಬರುತ್ತಿತ್ತು.

ಊಟಕ್ಕೆ ಬಡಿಸುತ್ತಾ ನಾನು ಹೇಳಿದೆ: "ಕೇಸಿನ ಗದ್ದೇನ ಈ ಅಂಗಡಿ ಜೊತೆ ಸೇರಿಸ್ರೀ. ಸೊರಬದ ಅಂಗಡಿ ಜೊತೆ ಸೊರಬದ ಗದ್ದೆ."

"ಅದ್ಯಾಕೆ? ಕೇಸು ನಮ್ಮ ತಲಿಗೆ ಬರ್ತತಲ್ಲ."

"ಬರ್ಲಿ. ಕೇಸು ಅಂದ್ರೆ ನಿಮ್ಮ ತಮ್ಮ ಅಷ್ಟು ದೂರ ಓಡ್ತಾನೆ. ಅವಳಿಗೂ ತೌರುಮನೆ ಹತ್ರ ಆಗ್ತತಿ. ಕಣ್ಣು ಮುಚ್ಕಂಡು ಸೊರಬ ತಗಂತಾರೆ."

ಅವರು ತುತ್ತು ಕೈಯಲ್ಲೇ ಹಿಡಿದು ನನ್ನನ್ನು ನೋಡಿದರು. "ನೀನು ವಕೀಲಿ ಓದ್ಬೇಕಿತ್ತು ಕಣೇ," ಎಂದರು. ಹಾಗೇ ಪಾಲು ಮಾಡಿದರು.

ಪಡಸಾಲೆಯಲ್ಲಿ ನಾಲ್ಕು ಜನ ಹಿರಿಯರು, ಎರಡೂ ಕಡೆಗೆ ಬೇಕಾದ ಒಬ್ಬ ವಕೀಲರು ಕೂತರು. ನಾವಿಬ್ಬರು ಹೆಂಗಸರು ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತೆವು. ನನ್ನ ಗಂಡ ಮೊದಲನೆಯ ಪಾಲು ಓದಿದರು: ಶಿಕಾರಿಪುರದ ಅಂಗಡಿ, ಅದರ ಹಿಂದಿನ ಮನೆ, ಕೇಸಿನ ಗದ್ದೆ. ಆಮೇಲೆ ಎರಡನೆಯದು: ಸೊರಬದ ಅಂಗಡಿ, ಮೇಲಿನ ಮನೆ, ರಸ್ತೆ ಪಕ್ಕದ ಗದ್ದೆ. ಮೈದುನ ನೀರು ಕುಡಿದು ಬರ್ತೀನಿ ಎಂದು ಒಳಗೆ ಬಂದ. ಓರಗಿತ್ತಿ ಲೋಟ ಕೊಡುತ್ತಾ ಏನೋ ಒಂದು ಮಾತು ಹೇಳಿದಳು. ಅವನು ಹೊರಗೆ ಹೋಗಿ, "ಮೊದಲ್ನೇದು ನನಗಿರ್ಲಿ ಅಣ್ಣಾ. ಕೇಸಿನ ಭಾರ ನಿಂಗ್ಯಾಕೆ, ನಾನೇ ನೋಡ್ಕಂತೀನಿ," ಎಂದ.

ಹಿರಿಯರೆಲ್ಲ ಭೇಷ್ ಎಂದರು. ತಮ್ಮ ಅಂದರೆ ಹಿಂಗಿರಬೇಕು ಎಂದರು. ಅಂಗಡಿಯೂ ಅವಳಿಗೆ, ಒಳ್ಳೆಯತನದ ಹೆಸರೂ ಅವಳ ಗಂಡನಿಗೆ! ನಾನು ಒಳಗೆ ಪಾಯಸ ತಿರುವುತ್ತಾ ಸೌಟನ್ನು ಪಾತ್ರೆಗೆ ಎಷ್ಟು ಜೋರಾಗಿ ಕುಟ್ಟಿದೆನೆಂದರೆ ಹೊರಗಿದ್ದವರು ಮಾತು ನಿಲ್ಲಿಸಿದರು.

ಬಾಯಿಮಾತಿನ ಪಾಲಾಗಿದ್ದರೆ ನಾಳೆ ಏನಾದರೂ ತಕರಾರು ತೆಗೆಯಬಹುದಿತ್ತು. ಆ ವಕೀಲರು ಬಿಡಲಿಲ್ಲ. "ಬಾಯಿಮಾತು ನಿಮ್ಮ ಕಾಲಕ್ಕೆ ನಡೀತದೆ, ಮಕ್ಕಳ ಕಾಲಕ್ಕೆ ನಡೆಯಲ್ಲ," ಎಂದು ಸರ್ವೆ ಮಾಡಿಸಿ, ನಕ್ಷೆ ಬರೆಸಿ, ವಿಭಾಗ ಪತ್ರ ರಿಜಿಸ್ಟರ್ ಮಾಡಿಸಿ, ಖಾತೆ ಬದಲಾಗುವವರೆಗೆ ಇಬ್ಬರ ಬೆನ್ನೂ ಬಿಡಲಿಲ್ಲ. ನನ್ನ ಗಂಡ ಖುಷಿಯಾಗಿ ಸಹಿ ಹಾಕಿದರು. ಆ ವಕೀಲರ ಮೇಲೂ ನನಗೆ ತುಂಬ ದಿನ ಸಿಟ್ಟಿತ್ತು.

ನಾವು ಸೊರಬಕ್ಕೆ ಬಂದೆವು. ಪಾತ್ರೆ ಅಂಗಡಿಯಲ್ಲೂ ಕುರ್ಚಿಯಿತ್ತು, ನಾನೂ ಕೂತೆ. ಆದರೆ ಪಾತ್ರೆ ಕೊಳ್ಳುವವರು ಮದುವೆಗೋ ಗೃಹಪ್ರವೇಶಕ್ಕೋ ಬರುತ್ತಾರೆ, ಬೆರಳಲ್ಲಿ ಬಡಿದು ಸದ್ದು ಕೇಳುತ್ತಾರೆ, ಹೋಗುತ್ತಾರೆ. ಮಳೆ ಯಾವಾಗ ಬಂದೀತು, ಬೀಜ ಯಾವುದು ಹಾಕಲಿ ಎಂದು ಅವರು ನನ್ನನ್ನು ಯಾಕೆ ಕೇಳುತ್ತಾರೆ?

ಓರಗಿತ್ತಿ ಮಣ್ಣು ಮುಕ್ಕುತ್ತಾಳೆ ಎಂದು ಕಾಯುತ್ತಿದ್ದೆ. ಕೇಸು ಅವಳನ್ನು ಅಲೆಸಲಿ, ಚಪ್ಪಲಿ ಸವೆಯಲಿ ಎಂದು ಮನಸಾರೆ ಹಾರೈಸಿದೆ. ಬಂದ ಸುದ್ದಿಯೇ ಬೇರೆ. ಬೀಜಕ್ಕೆಂದು ಅಂಗಡಿಗೆ ಬಂದ ಆ ಕುರಿಯವರ ಮನೆಯ ಹಿರಿಯನನ್ನು ಅವಳು ಕೂರಿಸಿ, ಟೀ ತರಿಸಿ, ಹಾದಿ ಯಾವ ಯಾವ ತಿಂಗಳು ಬೇಕು ಎಂದು ಕೇಳಿದಳಂತೆ. ಅಷ್ಟು ವರ್ಷ ಕೋರ್ಟು ಅಲೆದರೂ ನಮ್ಮವರು ಒಬ್ಬರೂ ಇದನ್ನು ಕೇಳಿರಲಿಲ್ಲ. ಅವರಿಗೆ ಹಾದಿ ಬೇಕಾಗಿದ್ದದ್ದು ಕೊಯ್ಲಾದ ಮೇಲೆ, ಬೇರೆ ಕಡೆ ನೀರು ಬತ್ತಿದಾಗ. ಆಗ ಗದ್ದೆ ಹೇಗೂ ಖಾಲಿ. ಬದುವಿನ ಪಕ್ಕ ಕುರಿ ಹೋಗುವಷ್ಟು ಅಗಲಕ್ಕೆ ಹಾದಿ ಬಿಡುವುದು, ಬದಲಿಗೆ ಅವರು ಪ್ರತಿ ವರ್ಷ ಕೆಲವು ರಾತ್ರಿ ಕುರಿ ಹಿಂಡನ್ನು ಆ ಗದ್ದೆಯಲ್ಲಿ ತರುಬುವುದು, ಅಂದರೆ ಅಲ್ಲೇ ಕೂಡಿಹಾಕಿ ನಿಲ್ಲಿಸುವುದು ಎಂದು ಒಪ್ಪಂದವಾಯಿತು. ಹಿಕ್ಕೆ, ಗಂಜಳ ಎಲ್ಲ ಗದ್ದೆಗೇ. ಹಾದಿಯನ್ನು ನಕ್ಷೆಯಲ್ಲಿ ಗುರುತು ಮಾಡಿಸಿ, ಎರಡೂ ಕಡೆಯವರು ಒಟ್ಟಿಗೆ ಹೋಗಿ ಕೋರ್ಟಿಗೆ ರಾಜಿ ಅರ್ಜಿ ಕೊಟ್ಟು ಬಂದರು.

ಗೊಬ್ಬರದ ಅಂಗಡಿಯಲ್ಲಿ ವರ್ಷಗಟ್ಟಲೆ ಕೂತವಳು ನಾನು, ಪುಕ್ಕಟೆ ಗೊಬ್ಬರ ಅವಳ ಗದ್ದೆಗೆ. ಸಾಲದ್ದಕ್ಕೆ ಆ ಕುರಿಯವರ ಬೀಗರು ಬಿಜ್ಜರೆಲ್ಲ ಈಗ ಬೀಜಕ್ಕೆ ಅವಳ ಅಂಗಡಿಗೇ ಬರುತ್ತಿದ್ದರು. ಆ ದಿನ ನನಗೆ ಊಟ ಸೇರಲಿಲ್ಲ.

ಮುಂದಿನ ವರ್ಷ ನಮಗೇ ಒಂದು ತಂಟೆ ಬಂತು. ಸೊರಬದ ಪಕ್ಕದ ಅಂಗಡಿಯವರು ಹೊಸ ಕಟ್ಟಡ ಎಬ್ಬಿಸುತ್ತಿದ್ದರು. ಅದರ ಚಾವಣಿಯ ನೀರೆಲ್ಲ ನಮ್ಮ ಹಿತ್ತಲಿಗೆ ಬೀಳುವ ಹಾಗಿತ್ತು. ನನ್ನ ಗಂಡ ನೋಟಿಸು ಕೊಡಿಸಲು ಹೊರಟವರು ಬಾಗಿಲಲ್ಲಿ ನಿಂತು, "ಒಂದ್ಸಲ ನಿನ್ನ ಓರಗಿತ್ತೀನ ಕೇಳ್ಕಂಡು ಬಾರೇ," ಎಂದರು. ನನ್ನ ಮೈಯೆಲ್ಲ ಉರಿದುಹೋಯಿತು. ಆದರೂ ಬಸ್ಸು ಹತ್ತಿದೆ.

ಅವಳು ನನ್ನ ಕುರ್ಚಿಯಲ್ಲಿ ಕೂತಿದ್ದಳು. ನನ್ನನ್ನು ಕಂಡವಳೇ ಎದ್ದು ಅದರಲ್ಲೇ ಕೂರಿಸಿ, ತಾನು ಚೀಲಗಳ ಮೇಲೆ ಕೂತಳು. ನನ್ನ ಮಾತು ಕೇಳಿ, "ಅವರದ್ದು ಸೆಂಟ್ರಿಂಗ್ ಆಗಿದ್ಯಾ ಅಕ್ಕಾ?" ಎಂದಳು. ಇಲ್ಲ, ಚಾವಣಿಗೆ ಇನ್ನೂ ಹಲಗೆ ಕಟ್ಟಿಲ್ಲ ಎಂದೆ.

"ಹಂಗಾರೆ ಇವತ್ತೇ ಹೋಗಿ ಮಾತಾಡಿ. ಈಗ ಇಳಿಜಾರು ರಸ್ತೆ ಕಡೆ ತಿರುಗ್ಸಕ್ಕೆ ಅವರಿಗೇನೂ ಕಷ್ಟ ಇಲ್ಲ. ಕಾಂಕ್ರೀಟು ಬಿದ್ಮೇಲೆ ಯಾರೂ ಒಡೆಯಲ್ಲ, ಆಗ ಜಗಳನೇ. ಒಪ್ಕಂಡ್ರೆ ಛಾಪಾ ಕಾಗದದ ಮೇಲೆ ಬರ್ಸಿ ಇಬ್ಬರೂ ಸಹಿ ಹಾಕಿ. ನೋಟಿಸು ಕೊನೇಗಿರ್ಲಿ."

ಸರಿಯಾಗಿಯೇ ಹೇಳಿದಳು, ಅದನ್ನೇ ನನಗೆ ತಡೆಯಲಾಗಲಿಲ್ಲ. ಅಷ್ಟು ದಿನ ಗಂಟಲಲ್ಲೇ ಇಟ್ಟುಕೊಂಡದ್ದನ್ನು ಕೇಳಿಬಿಟ್ಟೆ: "ಅವತ್ತು ನೀನು ಈ ಪಾಲೇ ಯಾಕೆ ಆರಿಸ್ಕಂಡೆ? ಸೊರಬ ನಿನ್ನ ತೌರಿಗೆ ಹತ್ರ ಇತ್ತಲ್ಲ?"

ಅವಳು ಚೀಲದ ದಾರ ಬಿಚ್ಚುತ್ತಾ ಹೇಳಿದಳು: "ನಂಗೆ ವ್ಯಾಪಾರ ಏನು ಗೊತ್ತಿತ್ತು ಅಕ್ಕಾ? ಗೊತ್ತಿದ್ದಿದ್ದು ನಿಮಗೆ. ಭಾವ ಓದ್ತಾ ಇದ್ದಾಗ ನಾನು ನಿಮ್ಮ ಮುಖಾನೇ ನೋಡ್ತಾ ನಿಂತಿದ್ದೆ. ಮೊದಲ್ನೇ ಪಾಲು ಓದಿ ಮುಗಿಯೋವರೆಗೂ ನೀವು ಸೆರಗು ಮುಷ್ಟಿಯಿಂದ ಬಿಡ್ಲಿಲ್ಲ. ಎರಡ್ನೇದು ಓದಕ್ಕೆ ಶುರು ಮಾಡಿದ್ರು, ನೀವು ಒಲೆ ನೋಡಕ್ಕೆ ಹೋದ್ರಿ."

ಸಂಜೆಯ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಅದನ್ನೇ ಯೋಚಿಸಿದೆ. ಮದುವೆಯಾದ ಅಷ್ಟೂ ವರ್ಷಗಳಲ್ಲಿ ನನ್ನ ಗಂಡ ಕೂಡ ನನ್ನ ಮುಖವನ್ನು ಅಷ್ಟು ಗಮನವಿಟ್ಟು ನೋಡಿದವರಲ್ಲ. ಅವಳು ನೋಡಿದ್ದಳು. ಅದಕ್ಕೂ ನನಗೆ ಅವಳ ಮೇಲೆ ಹೊಟ್ಟೆಕಿಚ್ಚಾಯಿತು.