ಒಡೆದು ಕೊಟ್ಟ ನಕ್ಷೆ

ರಸ್ತೆ ವಿನ್ಯಾಸದ ಸಾಫ್ಟ್‌ವೇರ್ ಕಲಿಸುವವಳು ಎಂದು ಗೊತ್ತಾದ ಕೂಡಲೇ ಜನ ನನ್ನಲ್ಲಿ ಕೇಳುವುದು ಟಿಪ್ಸ್. ಪಾಠ ಯಾರಿಗೂ ಬೇಡ. ತರಕಾರಿ ಕೊಂಡ ಮೇಲೆ ಒಂದಿಷ್ಟು ಕೊತ್ತಂಬರಿ ಹಾಕಿ ಎಂದು ಕೇಳುವ ಹಾಗೆ, ‘ಮೇಡಂ, ಎರಡು ಶಾರ್ಟ್‌ಕಟ್ ಹೇಳಿಬಿಡಿ’ ಎನ್ನುತ್ತಾರೆ. ನನಗೆ ಮೈ ಉರಿಯುತ್ತದೆ. ಒಂದು ಕಾಲಕ್ಕೆ ನಾನೂ ರಸ್ತೆಗಳನ್ನು ವಿನ್ಯಾಸ ಮಾಡುತ್ತಿದ್ದೆ. ನಾನಿದ್ದ ಕಚೇರಿ ಮುಚ್ಚಿತು. ಈಗ ವಾಕಡದ ಮನೆಯಿಂದ ಲ್ಯಾಪ್‌ಟಾಪ್ ಹೊತ್ತುಕೊಂಡು ಊರೆಲ್ಲ ಸುತ್ತಿ, ರಸ್ತೆ ಮಾಡುವವರಿಗೆ ಯಾವ ಗುಂಡಿ ಒತ್ತಬೇಕು ಎಂದು ಹೇಳಿಕೊಡುತ್ತೇನೆ. ಇದನ್ನು ಬಡ್ತಿ ಎಂದು ನನ್ನ ಗಂಡ ಮಾತ್ರ ಕರೆಯುತ್ತಾನೆ.

ಊರಿನ ಇನ್ನೊಂದು ತುದಿಯ ಹಡಪಸರದಲ್ಲಿ ಒಂದು ರಸ್ತೆ ವಿನ್ಯಾಸದ ಕಚೇರಿಯ ತರಬೇತಿಯನ್ನು ಒಪ್ಪಿಕೊಳ್ಳುವಾಗಲೇ ನನಗೆ ಮನಸ್ಸಿರಲಿಲ್ಲ. ಅಲ್ಲಿಯ ಮ್ಯಾನೇಜರ್ ನನಗಿಂತ ಚಿಕ್ಕವನು, ಮರಾಠಿ ಹುಡುಗ. ಮೊದಲ ದಿನವೇ ಬಾಗಿಲು ಹಾಕಿ ವಿಷಯ ಹೇಳಿದ. ಹೊಸ ಕೆಲಸ ಕೊಡುವವರು ಬರೀ ಗೆರೆ ಎಳೆದ ನಕ್ಷೆಯನ್ನು ಒಪ್ಪುವುದಿಲ್ಲ, ಕಂಪ್ಯೂಟರಿನಲ್ಲಿ ಇಡೀ ರಸ್ತೆಯ ಮಾದರಿಯೇ ಬೇಕಂತೆ. ತರಬೇತಿಯ ಕೊನೆಗೆ ಪರೀಕ್ಷೆ. ಪಾಸಾದವರು ಇಲ್ಲೇ ವಿನ್ಯಾಸದ ಮೇಜಿನಲ್ಲಿ ಉಳಿಯುತ್ತಾರೆ, ಆಗದವರು ಊರಿನಿಂದ ದೂರದ ರಾಂಜಣಗಾಂವದ ಸೈಟಿಗೆ, ಸಿಮೆಂಟು ಕಬ್ಬಿಣ ಇಡುವ ಗೋದಾಮಿನ ಉಸ್ತುವಾರಿಗೆ. ಕೆಟ್ಟವನಲ್ಲ ಆತ. ಕೆಟ್ಟವನಾಗಿದ್ದರೆ ನನಗೆ ಬೈಯಲು ಅನುಕೂಲವಾಗುತ್ತಿತ್ತು.

ಕಲಿಯಲು ಕೂತವರಲ್ಲಿ ಎಲ್ಲರಿಗಿಂತ ಹಿರಿಯರು ಒಬ್ಬ ಡ್ರಾಫ್ಟ್ಸ್‌ಮನ್. ಕಚೇರಿಗೆಲ್ಲ ಅವರು ಕಾಕಾ. ನಾನು ಫೋನಿನಲ್ಲಿ ಅವ್ವನ ಜೊತೆ ಮಾತಾಡುವುದನ್ನು ಕೇಳಿಸಿಕೊಂಡು ಹತ್ತಿರ ಬಂದರು.

“ಧಾರವಾಡ ಕಡೇವ್ರೇನ್ರಿ ಅಕ್ಕಾರ? ನಾವು ಬೆಳಗಾವಿಯವರ್ರೀ.”

ನನಗಿಂತ ಹತ್ತು ವರ್ಷಕ್ಕಾದರೂ ದೊಡ್ಡವರು, ಆದರೂ ಅಂದಿನಿಂದ ನಾನು ಅಕ್ಕಾರ ಆಗಿಹೋದೆ. ಟ್ರೇಸಿಂಗ್ ಕಾಗದದ ಮೇಲೆ ಮಸಿಯಲ್ಲಿ ಎಳೆದ ಗೆರೆ ತಪ್ಪಿದರೆ ಬ್ಲೇಡಿನಿಂದ ಕೆರೆದು ತೆಗೆಯುತ್ತಿದ್ದ ಕಾಲದಲ್ಲಿ ಕೆಲಸಕ್ಕೆ ಸೇರಿದವರು. ಆಮೇಲೆ ಕಂಪ್ಯೂಟರ್ ಬಂತು, ಅದನ್ನೂ ಕಲಿತರು. ಈಗ ಮತ್ತೊಮ್ಮೆ ಕಲಿಯಿರಿ ಎಂದರೆ ಹೂಂ ಎಂದು ಕನ್ನಡಕ ಒರೆಸಿಕೊಂಡು ಮುಂದಿನ ಸಾಲಿನಲ್ಲೇ ಕೂತರು.

ಮಧ್ಯಾಹ್ನ ಊಟದ ಬಿಡುವಿಗೆ ಉಳಿದವರೆಲ್ಲ ಡಬ್ಬಿ ಬಿಚ್ಚಿದರೆ ಅವರು ಮಾತ್ರ ಸ್ಕೂಟರ್ ಹತ್ತಿ ಮನೆಗೆ ಓಡುತ್ತಿದ್ದರು. ಯಾಕೆಂದು ಕೇಳಿದೆ.

“ನಮ್ಮಾಕೀಗೆ ಶುಗರ್ ಅದರಿ. ಅದರಾಗ ಕಣ್ಣು ಹೋಗ್ಯಾವ. ಊಟಕ್ಕ ಮೊದಲ ಸೂಜಿ ಚುಚ್ಚಬೇಕು. ಮುಂಜಾನೆ ಒಂದ, ಮಧ್ಯಾಹ್ನ ಒಂದ, ರಾತ್ರಿ ಒಂದ. ಮಕ್ಕಳಿಲ್ಲ ನಮಗ. ನಾನ ಚುಚ್ಚಬೇಕಲ್ರಿ.”

“ಬಾಜೂ ಮನಿಯವರು ಯಾರರೆ ಚುಚ್ಚಂಗಿಲ್ಲೇನ್ರಿ?”

“ಒಬ್ಬರು ಇದ್ದರ‍್ರೀ, ಮನಿ ಬದಲಿ ಮಾಡಿಕೊಂಡು ಹೋದರು. ಇರ್ಲಿ, ಮನಿ ಇಲ್ಲೇ ಅದಲ್ಲ. ಹತ್ತು ಮಿನಿಟ್ನ್ಯಾಗ ಹೋಗಿ ಬರ್ತೇನಿ.”

ರಾಂಜಣಗಾಂವಕ್ಕೆ ಹಾಕಿದರೆ ಕಂಪನಿಯ ಬಸ್ಸು ಬೆಳಿಗ್ಗೆ ಹೊತ್ತೊಯ್ದು ಕತ್ತಲಾದ ಮೇಲೆ ತಂದು ಇಳಿಸುತ್ತದೆ. ಮಧ್ಯಾಹ್ನದ ಸೂಜಿ ಚುಚ್ಚಲು ಮನೆಯಲ್ಲಿ ಯಾರೂ ಇರುವುದಿಲ್ಲ. ಅಂದಿನಿಂದ ಬೇರೆಯವರಿಗೆ ಹೇಳದ ಟಿಪ್ಸನ್ನೆಲ್ಲ ಅವರಿಗೆ ಹೇಳಿದೆ. ಭೇದ ಮಾಡಿದೆ, ಮಾಡಿದ್ದಕ್ಕೆ ನನಗೇನೂ ನಾಚಿಕೆಯಿಲ್ಲ.

ನಾನು ಕಲಿಸುವ ಸಾಫ್ಟ್‌ವೇರಿನ ಮರ್ಮ ಒಂದೇ. ಅದರಲ್ಲಿ ಯಾವುದೂ ಒಂಟಿಯಲ್ಲ. ನೆಲದ ಏರಿಳಿತ, ರಸ್ತೆ ಹೋಗುವ ದಾರಿ, ರಸ್ತೆಯ ಎತ್ತರ, ಅಡ್ಡ ಕೊಯ್ದರೆ ಕಾಣುವ ಆಕಾರ, ಎಲ್ಲವೂ ಒಂದಕ್ಕೊಂದು ಕಟ್ಟಿಕೊಂಡಿರುತ್ತವೆ. ಸೆರಗು ಎಳೆದರೆ ಇಡೀ ಸೀರೆ ಜರುಗುವ ಹಾಗೆ, ಒಂದು ಕಡೆ ಎತ್ತರ ಬದಲಿಸಿದರೆ ಉಳಿದ ಹಾಳೆಗಳೆಲ್ಲ ತಾವೇ ಬದಲಾಗುತ್ತವೆ. ಈ ಕಟ್ಟನ್ನು ಬಿಚ್ಚಿಹಾಕುವ ಆಜ್ಞೆಯೊಂದಿದೆ, ಎಕ್ಸ್‌ಪ್ಲೋಡ್. ಅದನ್ನು ಒತ್ತಿದರೆ ಎಲ್ಲ ಒಡೆದು ಬರೀ ಗೆರೆಗಳಾಗುತ್ತವೆ. ನೋಡಲು ಮೊದಲಿನ ಹಾಗೆಯೇ ಇರುತ್ತವೆ, ಆದರೆ ಜೀವ ಇರುವುದಿಲ್ಲ.

“ಇದನ್ನ ಮುಟ್ಟಬ್ಯಾಡ್ರಿ. ವಿಷ ಇದು,” ಎಂದು ದಿನಾ ಬಾಯಿ ಬಡಿದುಕೊಂಡೆ. ಕಾಕಾ ತಲೆಯಾಡಿಸಿ ಬರೆದುಕೊಂಡರು.

ಆದರೆ ಆ ಕಚೇರಿಗೆ ಹಳೆಯ ರೂಢಿಯೊಂದಿತ್ತು, ಅದು ನನಗೆ ತಿಳಿದದ್ದು ತಡವಾಗಿ. ಸೈಟಿನಲ್ಲಿರುವ ಗುತ್ತಿಗೆದಾರರ ಕಂಪ್ಯೂಟರುಗಳು ಹಳೆಯವು. ಇಲ್ಲಿಂದ ಹೋದ ನಕ್ಷೆ ಅಲ್ಲಿ ತೆರೆದರೆ ಕೆಲವೊಮ್ಮೆ ರಸ್ತೆಯ ಜಾಗದಲ್ಲಿ ಖಾಲಿ ಚೌಕಗಳು ಕಾಣುತ್ತಿದ್ದವು. ಬೈಗುಳ ಮಾತ್ರ ಇಲ್ಲಿಗೆ ಬರುತ್ತಿತ್ತು. ಅದಕ್ಕೆ ಹಿಂದಿನ ಸಾಹೇಬರು ನಿಯಮ ಮಾಡಿದ್ದರು: ಕೆಲಸ ಮುಗಿದ ಮೇಲೆ, ಕೈಯಿಂದ ಬಿಡುವ ಮುಂಚೆ, ನಕ್ಷೆಯನ್ನು ಪೂರ್ತಿ ಒಡೆದು ಗೆರೆ ಮಾಡಿ ಕೊಡಬೇಕು. ಯಾರ ಕಂಪ್ಯೂಟರಿಗೆ ಹೋದರೂ ತೆರೆಯುವ ಹಾಗಿರಬೇಕು. ಒಡೆಯುವ ಕೆಲಸ ಕಾಕಾನದು. ವರ್ಷಗಟ್ಟಲೆ ಇಡೀ ಕಚೇರಿಯ ನಕ್ಷೆಗಳು ಅವರ ಕೈಯಲ್ಲಿ ಒಡೆದೇ ಹೊರಗೆ ಹೋಗಿದ್ದವು, ಆಮೇಲೆ ಒಂದು ದೂರೂ ಬಂದಿರಲಿಲ್ಲ. ಅದನ್ನು ಹೇಳುವಾಗ ಅವರ ಮುಖದಲ್ಲಿ ಹೆಮ್ಮೆ ಇರುತ್ತಿತ್ತಂತೆ.

ಪರೀಕ್ಷೆಯ ದಿನ ಬೆಳಿಗ್ಗೆ ಎಲ್ಲರಿಗೂ ಒಂದು ತುಂಡು ರಸ್ತೆ ಕೊಟ್ಟೆ, ಮಧ್ಯೆ ಒಂದು ಸಣ್ಣ ಸೇತುವೆ. ಕಾಕಾ ನಿಧಾನವಾಗಿ, ತುಟಿ ಕಚ್ಚಿಕೊಂಡು ಮಾಡಿದರು. ನಾನು ಹಿಂದೆ ನಿಂತು ನೋಡಿದೆ. ದಾರಿ ಸರಿ, ಎತ್ತರ ಸರಿ, ಅಡ್ಡ ಹಾಳೆಗಳೂ ಸರಿ. ತಡೆಯಲಾರದಷ್ಟು ಖುಷಿಯಾಗಿ ಹೊರಗೆ ಹೋಗಿ ಚಹಾ ಕುಡಿದು ಬಂದೆ. ಊಟದ ಹೊತ್ತಿಗೆ ಎಲ್ಲರೂ ತಮ್ಮ ನಕ್ಷೆಯನ್ನು ಮ್ಯಾನೇಜರ್ ನೋಡುವ ಫೋಲ್ಡರಿಗೆ ಹಾಕಿದರು. ಕಾಕಾ ಸ್ಕೂಟರಿನ ಕೀಲಿ ತೆಗೆದುಕೊಂಡು, “ಛಲೋ ಆತ್ರಿ ಅಕ್ಕಾರ, ಆಕೀಗೆ ಹೇಳಿ ಬರ್ತೇನಿ,” ಎಂದು ಹೋದರು.

ಮಧ್ಯಾಹ್ನ ಮ್ಯಾನೇಜರ್ ದೊಡ್ಡ ಪರದೆಯ ಮೇಲೆ ಒಂದೊಂದೇ ನಕ್ಷೆ ತೆರೆದ. ಅವನ ಪರೀಕ್ಷೆ ಸರಳ. ಸೇತುವೆಯ ಹತ್ತಿರ ರಸ್ತೆಯನ್ನು ಅರ್ಧ ಮೀಟರ್ ಎತ್ತರಿಸುತ್ತಿದ್ದ, ಹಾಳೆಗಳು ತಾವಾಗಿ ಬದಲಾಗುತ್ತಿದ್ದವು, ಮುಂದಿನವರು ಎನ್ನುತ್ತಿದ್ದ. ಕಾಕಾನ ನಕ್ಷೆ ತೆರೆದು ಕ್ಲಿಕ್ ಮಾಡಿದ. ಏನೂ ಆಗಲಿಲ್ಲ. ಒಂದೇ ಒಂದು ಗೆರೆ ಹಿಡಿತಕ್ಕೆ ಸಿಕ್ಕಿತು, ಅಷ್ಟೇ. ನನಗೆ ತಕ್ಷಣ ಅರ್ಥವಾಯಿತು.

“ಕಾಕಾ, ಒಡದ್ರೇನ್ರಿ?”

“ಹೌದಲ್ರಿ ಮತ್ತ. ಕೊಡೋ ಮುಂದ ಒಡದ ಕೊಡೋದಲ್ಲ? ನೀವು ಮಾಡೋ ಮುಂದ ಒಡೀಬ್ಯಾಡ ಅಂದಿದ್ದಿರಿ, ಒಡದಿಲ್ಲ ನಾ. ಎಲ್ಲಾ ಮುಗದ ಮ್ಯಾಲೆ ಒಡದೇನಿ.”

ಒಡೆದು, ಉಳಿಸಿ, ಮುಚ್ಚಿ, ಕೊಟ್ಟಿದ್ದರು. ಬೇರೆ ಪ್ರತಿ ಇಟ್ಟುಕೊಂಡಿರಲಿಲ್ಲ.

ನಾನು ಮ್ಯಾನೇಜರನನ್ನು ಹೊರಗೆ ಕರೆದು ಮರಾಠಿಯಲ್ಲಿ ಜಗಳವನ್ನೇ ಆಡಿದೆ. ಬೆಳಿಗ್ಗೆ ನಾನೇ ಕಣ್ಣಾರೆ ನೋಡಿದ್ದೇನೆ, ಎಲ್ಲ ಸರಿಯಿತ್ತು, ನಿಮ್ಮದೇ ಕಚೇರಿಯ ರೂಢಿಯಿಂದ ಹೀಗಾಗಿದೆ, ಇನ್ನೊಮ್ಮೆ ಕೊಡಿ ಎಂದೆ. ಆತ ಕೇಳಿಸಿಕೊಂಡ. ಆಮೇಲೆ, ಇವತ್ತು ಇನ್ನೊಮ್ಮೆ ಕೊಡಬಹುದು ಮೇಡಂ, ಆದರೆ ನಾಳೆ ಕಾಕಾ ಇಡೀ ತಂಡದ ಮಾದರಿಯನ್ನು ಅಭ್ಯಾಸಬಲದಿಂದ ಒಡೆದು ಕಳಿಸಿದರೆ ನಾನು ಯಾರಿಗೆ ಉತ್ತರ ಹೇಳಲಿ, ನೀವೇ ಹೇಳಿ, ಒಡೆಯುವುದಿಲ್ಲ ಎಂದು ಬರೆದು ಕೊಡುತ್ತೀರಾ ಎಂದು ಕೇಳಿದ. ವರ್ಷಗಟ್ಟಲೆ ಒಡೆದು ಪಳಗಿದ ಆ ಕೈಯನ್ನು ನಾನು ನೋಡಿದ್ದೆ. ಬರೆದು ಕೊಡಲು ನನ್ನಿಂದ ಆಗಲಿಲ್ಲ. ಅವನ ಮಾತಿನಲ್ಲಿ ತಪ್ಪಿರಲಿಲ್ಲ ಎನ್ನುವುದೇ ನನ್ನ ಸಿಟ್ಟಿಗೆ ತುಪ್ಪ ಸುರಿಯಿತು.

ಒಳಗೆ ಬಂದರೆ ಕಾಕಾ ತಮ್ಮ ಜಾಗದಲ್ಲಿ ಕೂತು ಕೈಯಿಂದಲೇ ತಿದ್ದುತ್ತಿದ್ದರು. ಅರ್ಧ ಮೀಟರಿನ ಲೆಕ್ಕ ಕಾಗದದ ಮೇಲೆ ಹಾಕಿಕೊಂಡು, ಒಂದೊಂದೇ ಗೆರೆ ಹಿಡಿದು ಮೇಲಕ್ಕೆ ಸರಿಸುತ್ತಿದ್ದರು.

“ಕಾಕಾ, ರಾಹು ದ್ಯಾ,” ಇರಲಿ ಬಿಡಿ ಎಂದು ಮ್ಯಾನೇಜರ್ ಮೆತ್ತಗೆ ಹೇಳಿದ.

“ಝಾಲಂಚ್ ಸರ್,” ಆಗೇ ಹೋಯಿತು ಎಂದು ಅವರು ತಲೆ ಎತ್ತದೆ ಉತ್ತರಿಸಿದರು.

ಆಗಿರಲಿಲ್ಲ. ಅಡ್ಡ ಹಾಳೆಗಳು ರಾಶಿ ಇದ್ದವು, ಆರೇಳು ಮುಗಿದಿದ್ದವು. ಅದರಲ್ಲೂ ಎರಡರಲ್ಲಿ ಇಳಿಜಾರು ತಪ್ಪಿತ್ತು. ಉಳಿದವರು ಸ್ವಲ್ಪ ಹೊತ್ತು ನೋಡಿದರು, ಆಮೇಲೆ ಫೋನು ನೋಡಿಕೊಂಡರು, ಆಮೇಲೆ ಒಬ್ಬೊಬ್ಬರಾಗಿ ಚಹಾಕ್ಕೆ ಎದ್ದರು. ಯಾರಿಗೂ ಅವರನ್ನು ದಾಟಿ ಹೋಗುವಾಗ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ನಾನು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತೆ. ಅಳು ಬರುತ್ತಿತ್ತು. ನಾನು ಅಳುವುದನ್ನು ನೋಡಿ ಅವರು ನನ್ನನ್ನೇ ಸಮಾಧಾನ ಮಾಡಲು ನಿಂತಾರು ಎಂದು ಗಟ್ಟಿಯಾಗಿ ಕೂತಿದ್ದೆ.

“ಇಷ್ಟೂ ತಿದ್ದಿ ಮುಗಿಸಿದ್ರ ಪಾಸ್ ಮಾಡ್ತಾರೇನ್ರಿ ಅಕ್ಕಾರ?”

ಸುಳ್ಳು ಹೇಳುವ ಆಸೆ ಭಾಳ ಆಯಿತು.

“ಇಲ್ರಿ ಕಾಕಾ.”

ಅವರು ಮೌಸ್ ಬಿಟ್ಟರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಎರಡೂ ಅಂಗೈಗಳಿಂದ ಮುಖ ಉಜ್ಜಿಕೊಂಡರು. ಆಮೇಲೆ ತೀರ ಸಹಜವಾಗಿ, ಇಷ್ಟು ದಿನ ಪಾಠದ ನಡುವೆ ಅನುಮಾನ ಕೇಳುತ್ತಿದ್ದ ದನಿಯಲ್ಲೇ ಕೇಳಿದರು.

“ಹಂಗಾದ್ರ ಮಧ್ಯಾಹ್ನದ ಸೂಜಿ ಇನ್ನ ಆಕೀನ ಚುಚ್ಚಿಕೋಬೇಕಾಗ್ತದ. ನೀವು ಕಲಿಸೋರು ಅದೀರಿ, ಹೇಳ್ರಿ. ಕಣ್ಣು ಕಾಣದವರಿಗೆ ಅದನ್ನ ಹೆಂಗ ಕಲಿಸಬೇಕು?”