ಹಾಡಿನ ಪೆಟ್ಟಿಗೆ ಬದಲಾಯಿಸಿಕೊಂಡದ್ದು

ಮೊದಲ ಮಾತಿಗೇ ಒಪ್ಪಿಕೊಂಡವನನ್ನು ನಂಬಬೇಡಿ. ಇದು ನಾನು ನಿಮಗೆ ಪುಕ್ಕಟೆಯಾಗಿ ಕೊಡುತ್ತಿರುವ ಬುದ್ಧಿಮಾತು. ಪುಕ್ಕಟೆ ಸಿಕ್ಕಿದ್ದನ್ನೂ ನಂಬಬೇಡಿ ಎಂಬುದು ಅದರ ಮೇಲಿನ ಕೊಸರು. ಸೈಕಲ್ಲಿನ ಹಿಂದೆ ಕೊಬ್ಬರಿ ಮೂಟೆ ಕಟ್ಟಿಕೊಂಡು ಊರೂರು ತಿರುಗುತ್ತಿದ್ದ ನಾನು ಇವತ್ತು ಕಡೂರಿನಲ್ಲಿ ಸ್ವಂತ ಮಂಡಿ ಇಟ್ಟುಕೊಂಡಿದ್ದರೆ, ಅದಕ್ಕೆ ಕಾರಣ ಎದುರಿನವರು ಹೇಳಿದ ‘ಆಗಲ್ಲ’ಗಳು. ‘ಆಗಲ್ಲ ಹೋಗ್ರೀ’ ಎಂದರೆ ವ್ಯಾಪಾರ ಕುದುರುತ್ತಿದೆ ಎಂದೇ ಅರ್ಥ. ಹೀಗಿರುವಾಗ ಹೋದ ತಿಂಗಳು ಫೋನಿನಲ್ಲಿ ಒಬ್ಬ ಹುಡುಗಿ ನನ್ನ ಮೊದಲ ಮಾತಿಗೇ ‘ಆಯ್ತು ಸರ್’ ಎಂದುಬಿಟ್ಟಳು. ಆ ಆಘಾತದಿಂದ ನಾನಿನ್ನೂ ಪೂರ್ತಿ ಚೇತರಿಸಿಕೊಂಡಿಲ್ಲ.

ವಿಷಯ ನನ್ನ ಹೆಂಡತಿ ಜಯಮ್ಮನ ಹಾಡಿನ ಪೆಟ್ಟಿಗೆಯದು. ಅಂಗೈಯಗಲದ ಯಂತ್ರ. ಹಾಡು ತುಂಬಿಕೊಂಡೇ ಬರುತ್ತದೆ. ಒಂದು ಗುಂಡಿ ಒತ್ತಿದರೆ ನಾವು ಹಾಡಿದ್ದನ್ನೂ ತುಂಬಿಕೊಳ್ಳುತ್ತದೆ. ಅಡಿಗೆಮನೆಯಿಂದ ಹಿತ್ತಿಲಿಗೆ, ಹಿತ್ತಿಲಿನಿಂದ ಜಗುಲಿಗೆ ಸೊಂಟದ ಮೇಲಿನ ಕೂಸಿನ ಹಾಗೆ ಅವಳ ಜೊತೆಗೇ ಓಡಾಡುತ್ತಿದ್ದ ಅದು, ಮಗಳ ಮದುವೆ ಗೊತ್ತಾದ ವಾರದಲ್ಲೇ ಗೊರಗೊರ ಎಂದು ಬಾಯಿ ಮುಚ್ಚಿಕೊಂಡಿತು.

‘ರೀ, ಇದನ್ನೊಂಚೂರು ರಿಪೇರಿ ಮಾಡಿಸ್ಕೊಂಡ್ ಬನ್ನಿ’ ಎಂದಳು.

ನಾನು ಮೊದಲು ಮಾಡಿದ ಕೆಲಸವೆಂದರೆ ಅದನ್ನು ಕಿವಿಯ ಹತ್ತಿರ ಹಿಡಿದು ಚೆನ್ನಾಗಿ ಅಲ್ಲಾಡಿಸಿದ್ದು. ನಗಬೇಡಿ. ಕೊಬ್ಬರಿಯವನ ಕಣ್ಣು ಇರುವುದು ಕಿವಿಯಲ್ಲಿ. ಕಾಯನ್ನು ಅಟ್ಟಕ್ಕೆ ಏರಿಸಿ ವರ್ಷದ ಹತ್ತಿರ ಬಿಟ್ಟರೆ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದಾಗ ಒಳಗೆ ಲೊಟಲೊಟ ಎನ್ನುತ್ತದೆ. ಹಾಗೆಂದರೆ ಮಾಲು ಪಕ್ವ. ಪೆಟ್ಟಿಗೆಯನ್ನು ಅಲ್ಲಾಡಿಸಿದಾಗ ಮೊದಲು ಏನೂ ಕೇಳಲಿಲ್ಲ. ಇನ್ನಷ್ಟು ಜೋರಾಗಿ ಅಲ್ಲಾಡಿಸಿದೆ. ಆಗ ಲೊಟಲೊಟ ಎಂದಿತು. ಕೊಬ್ಬರಿಗೆ ಶುಭವಾದ ಸದ್ದು ಯಂತ್ರಕ್ಕೆ ಶುಭವಲ್ಲವೆಂದು ಅವತ್ತು ತಿಳಿಯಿತು.

ಗ್ಯಾರಂಟಿ ಇನ್ನೂ ಇತ್ತು. ಮಂಡಿಯಿಂದಲೇ ಕಂಪನಿಗೆ ಫೋನು ಹಚ್ಚಿದೆ. ಮೊದಲು ಬಂದದ್ದು ಮನುಷ್ಯರಲ್ಲ, ಮನುಷ್ಯರ ದನಿ. ಒಂದನ್ನು ಒತ್ತಿ, ಎರಡನ್ನು ಒತ್ತಿ ಎನ್ನುತ್ತಾ, ನಡುನಡುವೆ ‘ನಿಮ್ಮ ಕರೆ ನಮಗೆ ಬಹಳ ಮುಖ್ಯ’ ಎನ್ನುತ್ತಿತ್ತು. ಮುಖ್ಯವಾದವನನ್ನು ಯಾರಾದರೂ ಅಷ್ಟು ಹೊತ್ತು ಬಾಗಿಲಲ್ಲಿ ನಿಲ್ಲಿಸುತ್ತಾರೆಯೇ? ನಾನು ಆ ಹೊತ್ತನ್ನು ವ್ಯರ್ಥ ಮಾಡಲಿಲ್ಲ. ಮೊದಲು ಯಾವ ಊರಮ್ಮಾ ಎಂದು ಕೇಳಿ ನಂಟು ತೆಗೆಯುವುದು, ಆಮೇಲೆ ರೇಗುವುದು, ಕಡೆಗೆ ಕೋರ್ಟಿನ ಮಾತೆತ್ತುವುದು ಎಂದು ಮೆಟ್ಟಿಲು ಮೆಟ್ಟಿಲಾಗಿ ಸಜ್ಜಾದೆ.

ಕಡೆಗೆ ಹುಡುಗಿ ಫೋನಿಗೆ ಬಂದಳು. ‘ಪೆಟ್ಟಿಗೆ ಕೆಟ್ಟೋಗಿದೆ ಕಣಮ್ಮಾ, ಹೊಸದು ಕೊಡ್ಬೇಕು’ ಎಂದೆ.

‘ಆಯ್ತು ಸರ್. ತರೀಕೆರೆಯಲ್ಲಿ ನಮ್ಮ ಸರ್ವಿಸ್ ಅಂಗಡಿ ಇದೆ. ಹಳೇದು ಕೊಟ್ಟು ಹೊಸದು ತಗೊಳ್ಳಿ.’

ಬಾಗಿಲು ಒಡೆಯಲು ಓಡಿ ಬಂದವನಿಗೆ ಬಾಗಿಲು ತೆರೆದೇ ಇದ್ದರೆ ಹೇಗಾಗುತ್ತದೆ? ಮುಗ್ಗರಿಸಿ ಒಳಗೆ ಬಿದ್ದೆ. ಮಾನ ಉಳಿಸಿಕೊಳ್ಳಲು, ‘ಕೊಸರು ಏನ್ ಕೊಡ್ತೀರಿ?’ ಎಂದು ಕೇಳಿದೆ. ಆಕೆಗೆ ಕೊಸರೆಂದರೆ ತಿಳಿಯಲಿಲ್ಲ. ಸೇರು ಅಳೆದಾದ ಮೇಲೆ ಮೇಲೊಂದು ಹಿಡಿ ಹಾಕದಿದ್ದರೆ ಅದು ವ್ಯಾಪಾರವಲ್ಲ, ವಸೂಲಿ ಎಂದು ವಿವರಿಸಿದೆ. ‘ಸರಿ ಸರ್, ಕಿವಿಗೆ ಹಾಕ್ಕೊಳ್ಳೋ ಇಯರ್‌ಫೋನ್ ಕೊಡಿಸ್ತೀನಿ’ ಎಂದಳು. ನಾನು ಅಲ್ಲೇ ಮೂಟೆಯ ಮೇಲೆ ಕುಳಿತುಕೊಂಡೆ.

ಮರುದಿನ ತರೀಕೆರೆಗೆ ಹೋಗಿ, ಹಳೆಯದನ್ನು ಕೊಟ್ಟು ಹೊಸದನ್ನು ತಂದು, ಯುದ್ಧ ಗೆದ್ದವನಂತೆ ಜಯಮ್ಮನ ಮುಂದಿಟ್ಟೆ. ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ‘ಹಳೇದೆಲ್ಲಿ?’

‘ಅದನ್ಯಾಕೆ? ಅದು ಕಂಪನಿಗೆ ಹೋಯ್ತು.’

‘ರಿಪೇರಿ ಮಾಡಿಸ್ಕೊಂಡ್ ಬನ್ನಿ ಅಂದಿದ್ದೆ ಕಣ್ರೀ. ಬದಲಾಯಿಸ್ಕೊಂಡ್ ಬನ್ನಿ ಅಂದಿದ್ನಾ? ಅದ್ರೊಳಗೆ ಅಕ್ಕನ ಪದ ಇತ್ತು!’

ಅಕ್ಕನೆಂದರೆ ಜಯಮ್ಮನ ಅಕ್ಕ ಗಂಗಮ್ಮ, ಅಜ್ಜಂಪುರದವರು. ಒಂದು ಕಾಲಕ್ಕೆ ಆ ಸುತ್ತಿನ ಯಾವ ಮದುವೆಯಲ್ಲೂ ಅವರು ಹಸೆಯ ಮುಂದೆ ಕುಳಿತು ಸೋಬಾನೆ ಎತ್ತಿಕೊಳ್ಳದೆ ಹೆಣ್ಣಿಗೆ ಅರಿಶಿನ ಹಚ್ಚುತ್ತಿರಲಿಲ್ಲ. ಹೋದ ವರ್ಷ ಅವರ ಗಂಡ, ಅಂದರೆ ನನ್ನ ಷಡ್ಡಕರು, ತೀರಿಕೊಂಡರು. ಗಂಡ ಸತ್ತವಳು ಹಸೆಯ ಮುಂದೆ ಹಾಡಬಾರದೆಂಬುದು ನಮ್ಮಲ್ಲಿ ನಡೆದುಬಂದದ್ದು. ಅವರು ಬಾಯಿ ಮುಚ್ಚಿಕೊಂಡರು. ಅದಕ್ಕೂ ಮುಂಚೆ ಯಾವಾಗಲೋ ಜಯಮ್ಮ ಅವರ ಪದಗಳನ್ನು ಆ ಪೆಟ್ಟಿಗೆಗೆ ತುಂಬಿಸಿಕೊಂಡಿದ್ದಳು. ಮಗಳ ಅರಿಶಿನದ ದಿನ, ಅಕ್ಕ ಹಸೆಯ ಮುಂದೆ ಇಲ್ಲದಿದ್ದರೂ ಅಕ್ಕನ ದನಿ ಚಪ್ಪರದಲ್ಲಿರಲಿ ಎಂಬುದು ಅವಳ ಲೆಕ್ಕ. ನಾನು ಆ ದನಿಯನ್ನು ಕೊಟ್ಟು ಇಯರ್‌ಫೋನ್ ತಂದಿದ್ದೆ.

ಮತ್ತೆ ಫೋನು. ಮತ್ತೆ ನನ್ನ ಕರೆ ಬಹಳ ಮುಖ್ಯ. ಈ ಸಲ ಬೇರೆ ಹುಡುಗಿ. ಹೊಸದನ್ನು ವಾಪಸ್ ತಗೊಳ್ಳಿ, ಕೊಸರೂ ತಗೊಳ್ಳಿ, ಕೆಟ್ಟದ್ದನ್ನೇ ಕೊಡಿ ಎಂದು ತಿರುಗಾಮುರುಗಾ ಚೌಕಾಸಿ ಮಾಡಿದೆ. ‘ಆಗಲ್ಲ ಸರ್’ ಎಂದಳು. ಅಬ್ಬ, ವ್ಯಾಪಾರ ಶುರುವಾಯಿತು ಎಂದುಕೊಂಡೆ. ಆದರೆ ಆ ‘ಆಗಲ್ಲ’ಕ್ಕೆ ನಿಜವಾಗಿಯೂ ಆಗುವುದಿಲ್ಲ ಎಂದೇ ಅರ್ಥ. ಅಂಥದ್ದೊಂದು ‘ಆಗಲ್ಲ’ ಲೋಕದಲ್ಲಿದೆಯೆಂದು ನನಗೆ ಗೊತ್ತೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಹೊಸ ಪೆಟ್ಟಿಗೆಯನ್ನು ಜೇಬಿಗೆ ಹಾಕಿಕೊಂಡು ತರೀಕೆರೆಗೆ ಓಡಿದೆ. ಅಂಗಡಿಯವನು, ‘ನಿನ್ನೆ ಸಂಜೇನೇ ಪಾರ್ಸಲ್ ಹೋಯ್ತು ಸರ್. ಅಲ್ಲಿ ಒಳಗಿರೋದನ್ನೆಲ್ಲ ಮೊದಲು ಅಳಿಸಿಬಿಡ್ತಾರೆ. ಬೇರೆಯವರ ಕೈಗೆ ಸಿಗಬಾರ್ದಲ್ಲ, ನಿಮ್ಮ ಒಳ್ಳೇದಕ್ಕೇ’ ಎಂದ. ನನ್ನ ಒಳ್ಳೆಯದಕ್ಕೆ!

ಮನೆಗೆ ಹೋಗುವ ಧೈರ್ಯವಿರಲಿಲ್ಲ. ಎದುರಿಗೆ ಅಜ್ಜಂಪುರದ ಬಸ್ಸು ನಿಂತಿತ್ತು. ಹತ್ತಿದೆ.

ಗಂಗಮ್ಮನವರು ಜಗುಲಿಯಲ್ಲಿ ಈರುಳ್ಳಿ ಆರಿಸುತ್ತಿದ್ದರು. ‘ಏನಪ್ಪಾ, ಲಾಭ ಇಲ್ದೆ ಬಸ್ ಹತ್ತೋನಲ್ಲ ನೀನು. ಯಾರ್ ತೋಟಕ್ಕೆ ಕಣ್ ಹಾಕಿದ್ದೀಯಾ?’ ಎಂದರು. ನಡೆದದ್ದನ್ನೆಲ್ಲ ಹೇಳಿದೆ. ಅರಿಶಿನದ ದಿನ ಪೆಟ್ಟಿಗೆ ಹಚ್ಚಬೇಕೆಂದಿದ್ದ ಜಯಮ್ಮನ ಲೆಕ್ಕವನ್ನೂ ಹೇಳಿದೆ. ಅವರು ಒಂದು ಕೊಳೆತ ಈರುಳ್ಳಿಯನ್ನು ಅಂಗಳಕ್ಕೆ ಎಸೆದರು.

‘ಅಲ್ಲ ಕಣಪ್ಪಾ, ನನ್ನ ಪದ ಪೆಟ್ಟಿಗೆಯಿಂದ ಬಂದ್ರೆ ಶುಭ, ನನ್ನ ಬಾಯಿಂದ ಬಂದ್ರೆ ಅಶುಭವಾ?’

ಮಂಡಿಯಲ್ಲಿ ಎಂಥೆಂಥವರ ಬಾಯಿ ಮುಚ್ಚಿಸಿದವನು ನಾನು. ಅವತ್ತು ಬಾಯಿಗೆ ಬಂದದ್ದು ಒಂದೇ: ‘ಹಂಗಾದ್ರೆ ನೀವೇ ಬನ್ನಿ ಅತ್ತಿಗೆ.’

‘ಅಡಿಗೆಮನೆ ಬಾಗ್ಲ ಸಂದೀಲಿ ಕೂತು ಹಾಡೋಕೆ ನಾನು ಬರಲ್ಲ. ಹಸೆ ಮುಂದೆ, ಜಯಮ್ಮನ ಪಕ್ಕ ಕೂರುಸ್ತೀಯಾ? ಬೀಗರು ಕೇಳಿದ್ರೆ ಮುಖ ಕೊಟ್ಟು ಮಾತಾಡ್ತೀಯಾ?’

‘ಆಯ್ತು’ ಎಂದೆ.

ಹೇಳಿದ ಮೇಲೆ ನನಗೇ ದಿಗ್ಭ್ರಮೆಯಾಯಿತು. ಚೌಕಾಸಿಯಿಲ್ಲ, ಎದ್ದು ಹೋಗುವ ನಾಟಕವಿಲ್ಲ. ಹುಟ್ಟಿದಂದಿನಿಂದ ಮೊದಲ ಸಲ, ಮೊದಲ ಮಾತಿಗೇ ಆಯ್ತು ಎಂದಿದ್ದೆ. ಅತ್ತಿಗೆ ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡಿದರು.

‘ಇಷ್ಟು ಬಿರ್ರನೆ ಒಪ್ಕೊಂಡ್ಬಿಟ್ಟೆಯಲ್ಲ, ಒಳಗೇನ್ ಮೋಸ ಐತೋ? ಕೊಸರು ತಾ ನೋಡಾನ.’

ಜೇಬಿನಲ್ಲಿದ್ದ ಹೊಸ ಪೆಟ್ಟಿಗೆಯನ್ನು ತೆಗೆದು ಅವರ ಕೈಗಿಟ್ಟೆ. ಅವರು ಅದನ್ನು ಕಿವಿಯ ಹತ್ತಿರ ಎತ್ತಿದರು. ‘ಅಲ್ಲಾಡಿಸಬೇಡಿ ಅತ್ತಿಗೆ!’ ಎಂದು ಕೂಗಿಕೊಂಡೆ.

ರಾತ್ರಿಯೂಟಕ್ಕೆ ಬರಿಗೈಯಲ್ಲಿ ಮನೆ ಸೇರಿದೆ. ‘ಹಳೇದೂ ಇಲ್ಲ, ಹೊಸದೂ ಇಲ್ವಾ? ಮತ್ತೇನ್ ತಂದ್ರಿ?’ ಎಂದು ಜಯಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಹೇಳಿದೆ. ಅಕ್ಕನೇ ಹಸೆಯ ಮುಂದೆ ಕೂರುತ್ತಾರೆ ಎಂದಾಗ ಅವಳು ನನಗೆ ಬೆನ್ನು ತಿರುಗಿಸಿಕೊಂಡು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಆಮೇಲೆ ಮುದ್ದೆ ಬಡಿಸಿದಳು. ನಾನು ಕೇಳದೆಯೇ, ಮೇಲೊಂದು ಸೌಟು ಸಾರು ಬಿತ್ತು.

ಬೀಗರಿಗೆ ಇನ್ನೂ ಹೇಳಿಲ್ಲ. ಅವರು ‘ಆಗಲ್ಲ’ ಎನ್ನುತ್ತಾರೆಂಬುದು ನನ್ನ ಅಂದಾಜು. ಅನ್ನಲಿ. ಅದು ನನಗೆ ಗೊತ್ತಿರುವ ಜಾತಿಯ ‘ಆಗಲ್ಲ’.