ಶುಕ್ರವಾರದ ಜಡೆ

ಆ ಶುಕ್ರವಾರಗಳನ್ನು ನೆನೆದರೆ ಈಗಲೂ ಸಂತೋಷಕ್ಕಿಂತ ಮೊದಲು ಹೆದರಿಕೆ ಬರುತ್ತದೆ.

ನಾವು ಹಳಿಯಾಳದ ಕಡೆಯ ಸಿದ್ದಿಗಳು. ಅಬ್ಬ ಸೌದಿಯ ಬುರೈದಾದಲ್ಲಿ ಭಟ್ಕಳದವರೊಬ್ಬರ ಬಟ್ಟೆ ಅಂಗಡಿಗೆ ಡ್ರೈವರ್. ಕಟ್ಟಡದ ತುಂಬ ಮಂಗಳೂರು, ಉಡುಪಿ ಕಡೆಯವರೇ. ಹಬ್ಬಕ್ಕೆ ಬಿರಿಯಾನಿ ಹಂಚುವಾಗ ನಾನೂ ಅವರ ಮಕ್ಕಳಲ್ಲಿ ಒಬ್ಬಳು. ಆದರೆ ನನ್ನ ಗುಂಗುರು ಕೂದಲಿನ ಮುಂದೆ ಆ ಹೆಂಗಸರೆಲ್ಲ ಕೈಚೆಲ್ಲಿದ್ದರು. ಬಾಚಣಿಗೆ ಮುರಿದದ್ದಕ್ಕೆ ನನ್ನನ್ನೇ ಬೈದವರೂ ಉಂಟು. ಅಮ್ಮನಿಗಿದ್ದದ್ದು ಎರಡು ಗಂಟು ಹಾಕುವಷ್ಟು ತಾಳ್ಮೆ ಮಾತ್ರ.

ಎದುರು ಮನೆಗೆ ಆಫ್ರಿಕಾದ ಚಾಡ್ ದೇಶದವರು ಬಂದ ಮೇಲೆ ನನ್ನ ತಲೆಗೆ ಅದೃಷ್ಟ ಖುಲಾಯಿಸಿತು. ಪ್ರತಿ ಶುಕ್ರವಾರ ಆ ಮನೆಯ ತಾಯಿ ತನ್ನ ಮಗಳನ್ನೂ ನನ್ನನ್ನೂ ಮುಂದೆ ಕೂರಿಸಿಕೊಂಡು, ಎಣ್ಣೆ ಹಚ್ಚಿ, ಸಣ್ಣ ಸಣ್ಣ ಜಡೆ ಹೆಣೆಯುತ್ತಿದ್ದಳು. ನೋವಿಗೆ ಕಿರುಚಿದರೆ ಮಗಳು ನನ್ನ ಬಾಯಿಗೆ ಖರ್ಜೂರ ತುರುಕುತ್ತಿದ್ದಳು. ಆಮೇಲೆ ಇಬ್ಬರೂ ತಲೆ ಕುಣಿಸುತ್ತ ಎರಡೂ ಮನೆಗೆ ರೊಟ್ಟಿ ತರಲು ಓಡುತ್ತಿದ್ದೆವು. ವಾರವಿಡೀ ನಾನು ಕಾಯುತ್ತಿದ್ದುದು ಆ ಓಟಕ್ಕೇ.

ನನಗೆ ಹತ್ತು ತುಂಬಿದ ವರ್ಷ ಹೊರದೇಶದವರ ಕಾಗದಪತ್ರಗಳ ತಪಾಸಣೆ ಹೆಚ್ಚಾಯಿತು. ಎದುರು ಮನೆಯವರು ಉಮ್ರಾ ಯಾತ್ರೆಗೆ ಬಂದು, ವೀಸಾ ಮುಗಿದರೂ ಉಳಿದುಬಿಟ್ಟವರು. ಮಗಳು ಹುಟ್ಟಿದ್ದು ಇಲ್ಲೇ, ಆದರೆ ಅವಳ ಹೆಸರು ಯಾವ ಕಾಗದದಲ್ಲೂ ಇರಲಿಲ್ಲ. ಸಿಕ್ಕಿಬಿದ್ದರೆ ಅವಳು ಕಂಡೇ ಇರದ ದೇಶಕ್ಕೆ ಕಳಿಸುತ್ತಾರೆಂದು ಎಲ್ಲರಿಗೂ ಗೊತ್ತಿತ್ತು. ಹೊರಗೆ ಕಾರು ನಿಂತ ಸದ್ದಾದರೆ ಆ ತಾಯಿಯ ಬೆರಳುಗಳು ನನ್ನ ತಲೆಯ ಮೇಲೆಯೇ ನಿಂತುಬಿಡುತ್ತಿದ್ದವು.

ಮೇಲಿನ ಮನೆಯ ಮಂಗಳೂರಿನ ಆಂಟಿ ಅಮ್ಮನಿಗೆ ಹೇಳಿದರು: "ಎಂತ ಮಾರಾಯ್ತಿ, ಮಗಳನ್ನು ಅವಳೊಟ್ಟಿಗೆ ಕಳಿಸ್ತೀಯಲ್ಲ? ಹಿಡಿಯುವವರಿಗೆ ಇಬ್ರೂ ಒಂದೇ ಕಾಣುದು."

ಅಬ್ಬ ನನ್ನ ವಾಸದ ಪರವಾನಗಿಯಾದ ಇಕಾಮಾದ ಪ್ರತಿಯನ್ನು ಸಣ್ಣ ಚೀಲದಲ್ಲಿಟ್ಟು ಕೊರಳಿಗೆ ಹಾಕಿದರು. ಒಂದು ಶುಕ್ರವಾರ, ದಾರಕ್ಕೆ ಹೊಸ ಜಡೆ ಸಿಕ್ಕಿಕೊಳ್ಳುತ್ತದೆಂದು ಅದನ್ನು ತೆಗೆದಿಟ್ಟೆ. ಅವತ್ತು ಗೆಳತಿಯ ತಾಯಿ ಹೊರಗೆ ಹೋಗಲೇಬೇಡಿ ಎಂದಿದ್ದಳು. ಆ ತಾಯಿ ಸ್ನಾನಕ್ಕೆ ಹೋದದ್ದೇ ತಡ, ನಾನೇ ಗೆಳತಿಯನ್ನು ಕೈಹಿಡಿದು ಎಳೆದುಕೊಂಡು ಹೋದೆ.

ರೊಟ್ಟಿ ಕೊಂಡು ತಿರುಗಿದರೆ ಅಂಗಡಿಯ ಬಾಗಿಲಲ್ಲಿ ತಪಾಸಣೆಯ ಇಬ್ಬರು ಅಧಿಕಾರಿಗಳು. ಇಕಾಮಾ ಎಲ್ಲಿ ಎಂದು ಕೇಳಿದರು. ನಾನು ಖಾಲಿ ಕೊರಳನ್ನು ತಡಕಿದೆ. ಅವಳೇ ಅರಬ್ಬಿಯಲ್ಲಿ, "ಇವಳು ಇಂಡಿಯಾದವಳು, ಇವಳ ತಂದೆಗೆ ಫೋನ್ ಮಾಡಿ" ಎಂದು ಅಬ್ಬನ ನಂಬರನ್ನು ಪಟಪಟನೆ ಹೇಳಿದಳು. ಕಷ್ಟ ಬಂದರೆ ಕರೆಯಲೆಂದು ಅವಳ ತಾಯಿ ಬಾಯಿಪಾಠ ಮಾಡಿಸಿದ್ದ ಒಂದೇ ನಂಬರು ಅದು.

ಅಬ್ಬ ಓಡಿ ಬಂದು ಫೋನಿನಲ್ಲಿ ನನ್ನ ಇಕಾಮಾ ತೋರಿಸಿದರು. ಈ ಇನ್ನೊಬ್ಬಳು ಯಾರು ಎಂದು ಅಧಿಕಾರಿ ಕೇಳಿದ. ಕಾಗದವಿಲ್ಲದವರ ಪರಿಚಯ ಒಪ್ಪಿಕೊಂಡರೆ ತನ್ನ ಕೆಲಸಕ್ಕೇ ಕುತ್ತು ಎಂದು ಅಬ್ಬ ಹೆದರಿದ್ದರು. ಅವಳತ್ತ ನೋಡದೆ, ಗೊತ್ತಿಲ್ಲ ಎಂದರು. ಸುಳ್ಳೆಂದು ಅಧಿಕಾರಿಗೂ ತಿಳಿದಿರಬೇಕು. ಅವಳು ನಮ್ಮ ಪಾಲಿನ ರೊಟ್ಟಿಯನ್ನು ನನ್ನ ಕೈಗಿಟ್ಟು ಅಧಿಕಾರಿಗಳ ಗಾಡಿ ಹತ್ತಿದಳು.

ಮನೆಗೆ ಬಂದು ಚಿಲಕ ಹಾಕಿಕೊಂಡೆವು. ಸ್ವಲ್ಪ ಹೊತ್ತಿಗೆ ಎದುರು ಮನೆಯ ತಾಯಿ ಬಾಗಿಲು ತಟ್ಟಿದಳು. ಮಗಳು ಇಲ್ಲಿದ್ದಾಳಾ ಎಂದು ಮತ್ತೆ ಮತ್ತೆ ಕೇಳಿದಳು. ನಾನು ಎಲ್ಲಿ ಮಾತಾಡಿಬಿಡುತ್ತೇನೋ ಎಂದು ಅಬ್ಬ ನನ್ನ ಬಾಯಿ ಮುಚ್ಚಿ ಹಿಡಿದರು. ಮುಚ್ಚುವ ಅಗತ್ಯವೇ ಇರಲಿಲ್ಲ.